ಹವಾಮಾನ ಬದಲಾವಣೆಗೆ ದೆಹಲೀಲಿ ಪ್ಲಾನ್ ಮಾಡಿದ್ರೆ ನಮ್ಮ ಶಿರಾಗೆ ಏನ್ ಬರುತ್ತೆ?

ಶಿರಾ_ಶೇಂಗಾ: ಕೇಂದ್ರದವ್ರು ಹವಾಮಾನಕ್ಕೆ ಅಂತ ಪ್ಲಾನ್ ಮಾಡ್ತಾರಲ್ಲ, ಅದು ನಮ್ಮೂರಿನ ತನಕ ಹೆಂಗ್ ಬರುತ್ತೆ? ನಮ್ಮಪ್ಪ ಮಳೆ ನಕ್ಷತ್ರ ನೋಡಿ ಕಡ್ಲೆಕಾಯಿ ಬಿತ್ತೋರು, ಈಗ ಆ ಲೆಕ್ಕ ಕೂರ್ತಾನೇ ಇಲ್ಲ. ಪಾವಗಡ ಸೋಲಾರ್ ಪಾರ್ಕೂ ಇದ್ರಲ್ಲೇ ಬರುತ್ತಾ?

ಕಲ್ಪತರು_ನಾಡು: ಪಾವಗಡದ್ದು ಬೇರೆ ಗುರು. ಅದು ಹೊಗೆ ಕಮ್ಮಿ ಮಾಡೋ ಲೆಕ್ಕ, ನೀನ್ ಕೇಳ್ತಿರೋದು ಬಿಸಿಲು ಬರಕ್ಕೆ ಹೊಂದ್ಕೊಳೋದು. ಎರಡಕ್ಕೂ ಸೇರಿ 2008ರಲ್ಲಿ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆ ಅಂತ ಬಂತು, ಅದ್ರಲ್ಲಿ 8 ಮಿಷನ್, ನೀರು, ಕೃಷಿ, ಹಿಮಾಲಯ, ಸೋಲಾರ್ ಎಲ್ಲಾ ಸೇರಿ. ಆಮೇಲೆ ರಾಜ್ಯಗಳಿಗೂ ನಿಮ್ ನಿಮ್ ಪ್ಲಾನ್ ಮಾಡಿ ಅಂದ್ರು. 2015ರಲ್ಲಿ ಹೊಂದಾಣಿಕೆಗೇ ಅಂತ ಒಂದ್ ನಿಧಿ ಮಾಡಿ ನಬಾರ್ಡ್ ಅನ್ನೋ ಕೃಷಿ-ಗ್ರಾಮೀಣ ಬ್ಯಾಂಕ್ ಕೈಗೆ ಕೊಟ್ರು, ಆಗ ರಾಜ್ಯದವ್ರು ಪ್ರಾಜೆಕ್ಟ್ ಬರ್ದು ಕಳಿಸ್ಬೇಕಿತ್ತು.

ರಾಗಿಮುದ್ದೆ: ಕಾಗದ ಬಿಡ್ರಿ, ಕೊರಟಗೆರೆ ತಾಲ್ಲೂಕಿನ ಡಿ.ನಾಗೇನಹಳ್ಳಿ ನೋಡ್ಕೊಂಡ್ ಬನ್ನಿ. ಕೇಂದ್ರದ ಕೃಷಿ ಸಂಶೋಧನಾ ಮಂಡಳಿ ಐಸಿಎಆರ್‌ನವ್ರು 2011ರಲ್ಲಿ ಹವಾಮಾನ ತಡ್ಕೊಳ್ಳೋ ಕೃಷಿಗೆ ನಿಕ್ರಾ ಅಂತ ಯೋಜನೆ ಶುರು ಮಾಡಿದ್ರಲ್ಲ, ಅದ್ರಲ್ಲಿ ಈ ಊರೂ ಇದೆ, ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವ್ರು ನೋಡ್ಕೊಳ್ಳೋದು. ಕೃಷಿ ಹೊಂಡ, ಬರ ತಡೆಯೋ ಎಂಎಲ್-365 ರಾಗಿ, ಇಂಥವು. ಮಳೆ ಬಂದಾಗ ಹೊಂಡದಲ್ಲಿ ನಿಂತ ನೀರು ಕಾಳು ಕಟ್ಟೋ ಟೈಮಲ್ಲಿ ಒಂದ್ಸಲ ಹಾಯಿಸಿದ್ರೆ ಬೆಳೆ ಉಳ್ಕೊಳ್ಳುತ್ತೆ, ಅಷ್ಟೇ ವಿಷ್ಯ, ರಾಕೆಟ್ ವಿಜ್ಞಾನ ಏನಲ್ಲ.

ಶಿರಾ_ಶೇಂಗಾ: ಒಂದೂರಿಗೆ ಬಂದ್ರೆ ಸಾಕಾ ಅಣ್ಣ, ಮಿಕ್ಕಿದ್ದೋರು?

ರಾಗಿಮುದ್ದೆ: ಅಲ್ಲೇ ಸಿಕ್ಕಾಕೊಂಡಿರೋದು. ಒಂದೂರಲ್ಲಿ ಮಾಡಿ ತೋರ್ಸೋದು ಸುಲಭ, ಪಕ್ಕದೂರಿಗೆ ದಾಟಿಸೋದೇ ಕಷ್ಟ. ಸದ್ಯಕ್ಕೆ ಬೀಜ ತರೋಕ್ ಮುಂಚೆ ಹಿರೇಹಳ್ಳಿಗೆ ಒಂದ್ಸಲ ಹೋಗಿ ಕೇಳಪ್ಪ.