ಶಾರ್ಲೆಟ್‌ನ ಬೌಲ್ ಪಂದ್ಯಕ್ಕೆ ಹೋಗೋದಾ, ಮನೇಲೇ ನೋಡೋದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಕ್ಯಾರಿ, ನಾರ್ತ್ ಕ್ಯಾರೊಲೈನಾ (ಡಿಸೆಂಬರ್ 2022)

ನಾನು ಎನ್‌ಸಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಮಾಡಿದವನು. ನಮ್ಮ ಅಮೆರಿಕನ್ ಫುಟ್‌ಬಾಲ್ ಟೀಮ್ ವುಲ್ಫ್‌ಪ್ಯಾಕ್ ಈ ಸಲ 8 ಗೆದ್ದು 4 ಸೋತಿದೆ. ಡಿಸೆಂಬರ್ 30ಕ್ಕೆ ಶಾರ್ಲೆಟ್‌ನಲ್ಲಿ ಮೇರಿಲ್ಯಾಂಡ್ ಜೊತೆ ಡ್ಯೂಕ್ಸ್ ಮೇಯೋ ಬೌಲ್, ಅಂದ್ರೆ ಸೀಸನ್ ಮುಗಿದ ಮೇಲೆ ನಡೆಯೋ, ಮೇಯೋನೇಸ್ ಕಂಪನಿ ಹೆಸರಿನ ವಿಶೇಷ ಪಂದ್ಯ. ಮಧ್ಯಾಹ್ನ 12ಕ್ಕೆ ಶುರು. ಹೋಗೋ ಆಸೆ ಇದೆ, ಆದರೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಡೆವಿನ್ ಲಿಯರಿ ಅಕ್ಟೋಬರ್‌ನಲ್ಲಿ ಗಾಯವಾಗಿ ಕೂತವನು ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗೋ ಆಟಗಾರರ ಪಟ್ಟಿ) ಹಿಡಿದು ಹೊರಟೇಬಿಟ್ಟ. ಅಫೆನ್ಸ್ (ದಾಳಿಯ ಆಟ) ನೋಡಿಕೊಳ್ಳುತ್ತಿದ್ದ ಕೋಚ್ ಟಿಮ್ ಬೆಕ್ ಕೂಡ ಕೋಸ್ಟಲ್ ಕ್ಯಾರೊಲೈನಾ ಯೂನಿವರ್ಸಿಟಿಗೆ ಹೆಡ್ ಕೋಚ್ ಆಗಿ ಹೋದರು. ಇಷ್ಟಾದ ಮೇಲೂ ಎರಡೂವರೆ ಗಂಟೆ ಡ್ರೈವ್ ಮಾಡಬೇಕಾ? ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಅವರನ್ನೂ ಕರ್ಕೊಂಡು ಹೋಗಬಹುದಾ?

ಅಟ್ಲಾಂಟಾದಿಂದ

ಸುಮ್ನೆ ಮನೇಲಿ ನೋಡಿ ಗುರು. ಈ ಸಲ ಪ್ಲೇಆಫ್‌ಗೆ (ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪಂದ್ಯಗಳಿಗೆ) ಹೋಗೋದು ನಾಲ್ಕೇ ಟೀಮ್. ಉಳಿದ ಬೌಲ್‌ಗಳೆಲ್ಲ ಸರಣಿ ಸೋತ ಮೇಲೆ ಆಡೋ ಕೊನೇ ಒನ್‌ಡೇ ಇದ್ದ ಹಾಗೆ. ಒಳ್ಳೆ ಆಟಗಾರರು ಎನ್‌ಎಫ್‌ಎಲ್ ಡ್ರಾಫ್ಟ್ (ವೃತ್ತಿಪರ ಲೀಗ್‌ಗೆ ಆಟಗಾರರ ಆಯ್ಕೆ) ಯೋಚನೆಯಲ್ಲಿ ಕಾಲು ಉಳಿಸಿಕೊಂಡು ಕೂರುತ್ತಾರೆ. ಅವರದ್ದೂ ತಪ್ಪಲ್ಲ ಬಿಡಿ. 2016ರ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ ನಾಟ್ರ್ ಡೇಮ್‌ನ ಜೇಲನ್ ಸ್ಮಿತ್ ಮೊಣಕಾಲಿಗೆ ಎಷ್ಟು ಕೆಟ್ಟ ಪೆಟ್ಟು ಬಿತ್ತು ಅಂತ ಎಲ್ಲರೂ ನೋಡಿದ್ದಾರೆ.

ಕೊಲಂಬಿಯಾ, ಸೌತ್ ಕ್ಯಾರೊಲೈನಾದಿಂದ

ಅಟ್ಲಾಂಟಾ ಸಾರ್ ಮಾತು ಅರ್ಧ ಸರಿ. ಇನ್ನರ್ಧಕ್ಕೆ ಕಳೆದ ವರ್ಷ ಇದೇ ಬೌಲ್‌ನಲ್ಲಿ ನಡೆದದ್ದು ಹೇಳ್ತೀನಿ. ನಮ್ಮ ಸೌತ್ ಕ್ಯಾರೊಲೈನಾ 6 ಗೆದ್ದು 6 ಸೋತು ಅಲ್ಲಿಗೆ ಬಂದಿತ್ತು. ಎದುರಿಗೆ ಚಾಪೆಲ್ ಹಿಲ್‌ನವರು (ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ). ನಮ್ಮಲ್ಲೂ ಕ್ವಾರ್ಟರ್‌ಬ್ಯಾಕ್ ಪೋರ್ಟಲ್‌ಗೆ ಹೋಗಿದ್ದ. ಆಗ ಡಕೇರಿಯನ್ ಜಾಯ್ನರ್ ಕೈಗೆ ಚೆಂಡು ಬಂತು. ಇವನು ಮೊದಲು ಕ್ವಾರ್ಟರ್‌ಬ್ಯಾಕ್ ಆಗಿದ್ದು, ಅವಕಾಶ ಸಿಗದೆ ರಿಸೀವರ್ (ಪಾಸ್ ಹಿಡಿಯೋನು) ಆದವನು. ಎಸೆದ ಪಾಸ್ 9, ಕೈಸೇರಿದ್ದೂ 9. 160 ಯಾರ್ಡ್. 38-21ಕ್ಕೆ ಗೆದ್ದೆವು. ಆ ಹುಡುಗ ಕಾಲೇಜು ಬಿಟ್ಟು ಹೋಗದೆ ಕಾದಿದ್ದ ಅಂತ ಗೊತ್ತಿದ್ದವರಿಗೆ ಆ 9 ಪಾಸ್‌ನ ಬೆಲೆ ಗೊತ್ತು. ನಿಮ್ಮ ಬೆನ್ ಫಿನ್ಲಿ ಈ ಸೀಸನ್ನಿನ ನಾಲ್ಕನೇ ಕ್ವಾರ್ಟರ್‌ಬ್ಯಾಕ್ ಅಲ್ವಾ? ನವೆಂಬರ್ 25ಕ್ಕೆ ಅದೇ ಚಾಪೆಲ್ ಹಿಲ್‌ನವರನ್ನು ಅವರ ಮನೆಯಲ್ಲೇ ಎರಡು ಓವರ್‌ಟೈಮ್ ಆಡಿ 30-27ಕ್ಕೆ ಸೋಲಿಸಿ ಬಂದವನು. ಅವನನ್ನು ನೋಡೋಕಾದ್ರೂ ಹೋಗಿ.

ರಾಲಿಯಿಂದ

ನಾನು ಹಳೇ ವುಲ್ಫ್‌ಪ್ಯಾಕ್ ಹುಚ್ಚ. ನಮ್ಮ ಕಾಲೇಜು ಒಂದು ಸೀಸನ್ನಿನಲ್ಲಿ 10ಕ್ಕಿಂತ ಜಾಸ್ತಿ ಗೆದ್ದಿದ್ದು ಒಂದೇ ಸಲ, 2002ರಲ್ಲಿ. ಫಿಲಿಪ್ ರಿವರ್ಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕಾಲ. 11 ಗೆದ್ದೆವು, ಕೊನೆಯದು ಗೇಟರ್ ಬೌಲ್‌ನಲ್ಲಿ ನಾಟ್ರ್ ಡೇಮ್ ಮೇಲೆ 28-6. ಕಳೆದ ವರ್ಷ 9 ಗೆದ್ದು ಹತ್ತನೆಯದಕ್ಕೆ ಸ್ಯಾನ್ ಡಿಯೇಗೋವರೆಗೆ ಹೋದರೆ, ಎದುರು ತಂಡದಲ್ಲಿ ಕೋವಿಡ್ ಅಂತ ಹಾಲಿಡೇ ಬೌಲ್ ಅದೇ ದಿನ, ಆಟಕ್ಕೆ ಕೆಲವೇ ಗಂಟೆ ಮುಂಚೆ ರದ್ದಾಯ್ತು. ದೇಶದ ಈ ತುದಿಯಿಂದ ಆ ತುದಿಗೆ ಹೋದ ಜನ ಕೆಂಪು ಅಂಗಿ ಹಾಕಿಕೊಂಡು ಸಮುದ್ರ ನೋಡಿಕೊಂಡು ಬಂದರು. ಈ ಸಲ ಮನೆ ಪಕ್ಕದಲ್ಲೇ ಆಡ್ತಿದ್ದಾರೆ, ನೀವು ಟಿವಿ ಅಂತೀರಲ್ಲ ಮಾರಾಯ್ರೆ!

ಅಪ್ಪನಿಗೆ ಜಾಸ್ತಿ ಪಾಠ ಬೇಡ. ನಾಲ್ಕು ಅವಕಾಶದಲ್ಲಿ ಚೆಂಡನ್ನು ಹತ್ತು ಯಾರ್ಡ್ ಮುಂದೆ ಒಯ್ಯಬೇಕು, ಅಷ್ಟು ಸಾಕು. ಮನೆಯಲ್ಲಿ ಒಂದೆರಡು ಪಂದ್ಯ ಟಿವಿಯಲ್ಲಿ ತೋರಿಸಿ. ಆದರೆ ಆ ಹತ್ತು ಯಾರ್ಡ್ ಎಲ್ಲಿಗೆ ಅಂತ ಟಿವಿಯಲ್ಲಿ ಕಾಣೋ ಹಳದಿ ಗೆರೆ ಮೈದಾನದಲ್ಲಿ ಇರಲ್ಲ ಅಂತ ಮೊದಲೇ ಹೇಳಿಬಿಡಿ. ನಮ್ಮ ಮಾವ ಅದನ್ನೇ ಹುಡುಕುತ್ತಾ ಮೊದಲ ಕ್ವಾರ್ಟರ್ ಕಳೆದರು. ಅಂಚಿನಲ್ಲಿ ಸರಪಳಿ ಹಿಡಿದವರು ಎರಡು ಕಿತ್ತಳೆ ಬಣ್ಣದ ಕಂಬ ನಿಲ್ಲಿಸಿರುತ್ತಾರೆ, ಮುಂದಿನದನ್ನು ದಾಟಬೇಕು. ಇನ್ನೊಂದು: ಆಟ ಮತ್ತೆ ಮತ್ತೆ ನಿಲ್ಲುತ್ತೆ. ಟಿವಿ ಜಾಹೀರಾತಿಗೋಸ್ಕರ. ಆಗ ಕೆಂಪು ಟೋಪಿಯವನೊಬ್ಬ ಮೈದಾನದೊಳಗೆ ಬಂದು ನಿಂತಿರುತ್ತಾನೆ. ಅವನು ಹೊರಗೆ ನಡೆದರೆ ಆಟ ಶುರು ಅಂತ ಲೆಕ್ಕ. ಇದು ಗೊತ್ತಾದ ಮೇಲೆ ಮಾವನೇ ನಮಗೆಲ್ಲ ‘ಹೊರಟ, ಹೊರಟ’ ಅಂತ ಹೇಳತೊಡಗಿದರು. ಒಂದು ಕಡೆಯವರು ‘ವುಲ್ಫ್’ ಅಂದಾಗ ಈ ಕಡೆಯವರು ‘ಪ್ಯಾಕ್’ ಅನ್ನಬೇಕು, ಅದು ಅಮ್ಮನಿಗೂ ಬರುತ್ತೆ.

ಬಾಲ್ಟಿಮೋರ್‌ನಿಂದ

ನಾನು ಎದುರಾಳಿ ಮೇರಿಲ್ಯಾಂಡ್ ಕಡೆಯವಳು, ಕ್ಷಮಿಸಿ. ಹೋದ ವರ್ಷ ಯಾಂಕಿ ಸ್ಟೇಡಿಯಂನಲ್ಲಿ ವರ್ಜೀನಿಯಾ ಟೆಕ್‌ಗೆ 54-10 ಬಾರಿಸಿದ್ದೇವೆ. ಕ್ವಾರ್ಟರ್‌ಬ್ಯಾಕ್ ಟಾಗೊವೈಲೋವಾ ಈ ಸಲವೂ ನಮ್ಮವನೇ. ಬನ್ನಿ, ಸೋತು ಹೋಗಿ!

ಶಾರ್ಲೆಟ್‌ನಿಂದ

ಊರಿನವಳಾಗಿ ಕೆಲಸಕ್ಕೆ ಬರೋ ಮಾತು ಹೇಳ್ತೀನಿ. ಸ್ಟೇಡಿಯಂ ಹತ್ತಿರ ಪಾರ್ಕಿಂಗ್‌ಗೆ ದುಡ್ಡು ಸುರಿಯಬೇಡಿ. ನೀವು ಐ-85 ಹೆದ್ದಾರಿಯಲ್ಲಿ ಬರ್ತೀರಿ, ಯೂನಿವರ್ಸಿಟಿ ಸಿಟಿ ಬುಲೆವಾರ್ಡ್ ಸ್ಟೇಷನ್‌ನಲ್ಲಿ ಕಾರು ನಿಲ್ಲಿಸಿ ಬ್ಲೂ ಲೈನ್ ರೈಲು ಹತ್ತಿ. ಅಪ್‌ಟೌನ್‌ನಲ್ಲಿ (ಊರಿನ ಮಧ್ಯಭಾಗ) ಇಳಿದು ನಡೆದರಾಯ್ತು. ಒಳಗೆ ಪಾರದರ್ಶಕ ಬ್ಯಾಗ್ ಮಾತ್ರ ಬಿಡ್ತಾರೆ. ಅಮ್ಮನ ವ್ಯಾನಿಟಿ ಬ್ಯಾಗ್ ಮನೆಯಲ್ಲೇ ಇರಲಿ, ಮಾತ್ರೆ ಕನ್ನಡಕ ಜಿಪ್‌ಲಾಕ್‌ನಲ್ಲಿ ಹಾಕಿ. ಚಿತ್ರಾನ್ನ ಡಬ್ಬಿ ಕಾರಿನಲ್ಲೇ ಖಾಲಿ ಮಾಡಿ. ಇಂಥ ಬೌಲ್‌ಗಳಲ್ಲಿ ಪಂದ್ಯ ಹತ್ತಿರ ಬಂದ ಹಾಗೆ ಮರುಮಾರಾಟದ ಟಿಕೆಟ್ ಅಗ್ಗ ಆಗೋದೇ ಜಾಸ್ತಿ. ಆದರೂ ಹಿರಿಯರಿದ್ದಾರೆ, ಬಿಸಿಲು ಬೀಳೋ ಕಡೆ, ದಾರಿ ಪಕ್ಕದ ಸೀಟ್ ಈಗಲೇ ನೋಡಿಕೊಳ್ಳಿ. ಮೇಲಿನ ಹಂತ ಬೇಡ, ಮೆಟ್ಟಿಲು ಕಡಿದು.

ಮತ್ತೆ, ಮುಗೀತು ಅಂತ ಎದ್ದು ಬರಬೇಡಿ. ಗೆದ್ದ ಕೋಚ್ ತಲೆ ಮೇಲೆ ಮೇಯೋನೇಸ್ ಸುರಿಯೋ ಪದ್ಧತಿ ಕಳೆದ ವರ್ಷ ನೋಡಿದೆವಲ್ಲ. ಸೌತ್ ಕ್ಯಾರೊಲೈನಾ ಕೋಚ್ ಶೇನ್ ಬೀಮರ್ ತಲೆಗೆ ಮೇಯೋ ಜೊತೆ ಕೂಲರೂ ತಗುಲಿತ್ತು.

ಕ್ಯಾರಿಯಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ನೋಡ್ತಿದ್ದೀನಿ. ಅಮ್ಮನ ಪ್ರಶ್ನೆ ಒಂದೇ: ಆ ಮೇಯೋಗೆ ಮೊಟ್ಟೆ ಹಾಕಿರ್ತಾರಾ?

ಶಾರ್ಲೆಟ್‌ನಿಂದ

ಹಾಕಿರ್ತಾರೆ. ಒಳಗೆ ಸ್ಯಾಂಡ್‌ವಿಚ್ ತಗೊಂಡ್ರೆ ಕೇಳಿ ತಗೊಳ್ಳಿ, ಇಲ್ಲಾಂದ್ರೆ ಪಾಪ್‌ಕಾರ್ನ್, ಫ್ರೈಸ್ ಸಾಕು.