ಪುಟ್ಟನ ಬೈಕ್ ವಿಷಯ, ಕೊನೇವರೆಗೂ ಕೇಳಿ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಪುಟ್ಟ ಮೊದಲನೇ ಬೈಕೇ 400 ಸಿಸಿದು ಬೇಕು ಅಂತ ಹಟ ಹಿಡಿದಿದ್ದಾನೆ, ರಾತ್ರಿ ನಿದ್ದೆ ಬರುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀಯ. ಅವನನ್ನು ಬೈಯಬೇಡ. ಆ ವಯಸ್ಸಿನಲ್ಲಿ ನಾನೂ ಹಾಗೇ ಇದ್ದೆ. ಪುಟ್ಟ, ನೀನೂ ಕೇಳಿಸಿಕೋ.

ನನ್ನ ಎಡಗಾಲಿನ ಕಥೆ ದೊಡ್ಡವರಿಗೆಲ್ಲ ಗೊತ್ತು. ಆದರೆ ನಾನು ಜೋರಾಗಿ ಓಡಿಸಿ ಬಿದ್ದೆ ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ನಿಂತಲ್ಲೇ ಬಿದ್ದದ್ದು. ಗಾಡಿ ತಂದು ಒಂಬತ್ತು ದಿನ ಆಗಿತ್ತು. ಏರಿನಲ್ಲಿ ಮುಂದಿನ ಲಾರಿ ನಿಂತಿತು, ನಾನೂ ನಿಂತೆ. ಕಾಲು ಕೊಟ್ಟರೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು. ಅಲ್ಲಿ ಮರಳು ಬೇರೆ. ಜಾರಿತು. 190 ಕೆಜಿ ಗಾಡಿ ಒಮ್ಮೆ ವಾಲಿತು ಅಂದರೆ ತಡೆಯೋಕೆ ಆಗಲ್ಲ. ಹೊಸ ಗಾಡಿ, ಗೀರು ಬೀಳುತ್ತೆ ಅಂತ ನಾನು ಹ್ಯಾಂಡಲ್ ಬಿಡಲಿಲ್ಲ. ಪಾದದ ಗಂಟು ಅಡಿಗೆ ಸಿಕ್ಕಿ ಮುರಿಯಿತು. ಎರಡು ತಿಂಗಳು ಪ್ಲಾಸ್ಟರ್. ಈಗಲೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ.

ಅದಕ್ಕೇ ಹೇಳುತ್ತಿದ್ದೇನೆ. ನಿಂತಾಗ ಎರಡೂ ಪಾದ ನೆಲಕ್ಕೆ ಊರದ ಗಾಡಿ ಬೇಡ.

ಅಂಗಡಿಯವನು ನಾನು ತುದಿಗಾಲಲ್ಲಿ ನಿಂತದ್ದನ್ನು ಕಣ್ಣಾರೆ ನೋಡಿದ್ದ. "ಓಡಿಸ್ತಾ ಅಭ್ಯಾಸ ಆಗುತ್ತೆ" ಅಂದ. ಚಿಕ್ಕ ಗಾಡಿ ಬೇಡ, ಮರ್ಯಾದೆ ಇರಲ್ಲ ಅಂದ ಸ್ನೇಹಿತರು ಒಬ್ಬರೂ ಆಸ್ಪತ್ರೆಗೆ ಬರಲಿಲ್ಲ. ಅಮ್ಮ ಒಬ್ಬಳೇ ರಾತ್ರಿಯೆಲ್ಲಾ ಕೂತಿದ್ದಳು. ಹೋದ ವರ್ಷ ದೊಡ್ಡಣ್ಣನ ಮಗ ಗಾಡಿ ತಗೊಂಡಾಗಲೂ ಇದೇ ಗ್ರೂಪಿನಲ್ಲಿ ಇದನ್ನೇ ಹೇಳಿದೆ. ಎಲ್ಲರೂ ಒಂದೊಂದು ಹೆಬ್ಬೆರಳು ಹಾಕಿ ಸುಮ್ಮನಾದಿರಿ. ಒಬ್ಬರಾದರೂ "ಅದು ಯಾಕೆ" ಅಂತ ಕೇಳಲಿಲ್ಲ. ನನಗೆ ಅದು ಇನ್ನೂ ಬೇಜಾರಿದೆ. ಮತ್ತೆ ಹೇಳುತ್ತೇನೆ, ಎರಡೂ ಪಾದ ಊರದ ಗಾಡಿ ಬೇಡವೇ ಬೇಡ.

ಅಯ್ಯೋ, ಯಾವುದು ತಗೋಬೇಕು ಅಂತ ಹೇಳಲೇ ಇಲ್ಲ ಅಲ್ವಾ. 125ರಿಂದ 160 ಸಿಸಿ ಒಳಗೆ ನೋಡಿ, 150 ಕೆಜಿ ದಾಟುವುದು ಬೇಡ. ಸೀಟಿನ ಎತ್ತರ ಕಾಗದದಲ್ಲಿ ಓದಿದರೆ ಸಾಲದು. ಸೀಟು ಅಗಲ ಇದ್ದರೆ ತೊಡೆ ಹರಡಿಕೊಂಡು ಕಾಲು ನೆಲಕ್ಕೆ ಸಿಗಲ್ಲ. ದಿನಾ ಹಾಕುವ ಶೂ ಹಾಕಿಕೊಂಡೇ ಕೂತು ನೋಡಲಿ. ಇಂಜಿನ್ ಆಫ್ ಮಾಡಿ ಕೂತಲ್ಲೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಲಿ, ಗಾಡಿ ಅವನ ಕೈಲಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ. ಬ್ರೇಕ್ ಜೋರಾಗಿ ಅದುಮಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರಲೇಬೇಕು. ಹೊಸಬರು ಗಾಬರಿಯಲ್ಲಿ ಬ್ರೇಕ್ ಪೂರ್ತಿ ಅದುಮುತ್ತಾರೆ, ಮುಂದಿನ ಚಕ್ರ ಲಾಕ್ ಆದರೆ ಗಾಡಿ ಮಲಗುತ್ತೆ. ಹಳೇ ಗಾಡಿ ಆದರೆ ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದ ಟೈರ್.

ಪುಟ್ಟ, ನೋಡೋಕೆ ಯಾವಾಗ ಹೋಗುತ್ತೀಯ ಹೇಳು. ನಾನೂ ಬರುತ್ತೇನೆ.