ಕಾರಿನ ಮಾರ್ಪಾಡು: ಹಣಕ್ಕೆ ತಕ್ಕ ಫಲವಿದೆಯೇ?

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಪೋಲೊ ಕಾರಿಗೆ ಇಸಿಯು ರೀಮ್ಯಾಪ್ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಬೇಕೆಂದಿದ್ದೇನೆ. ಆ ಖರ್ಚು ಸಾರ್ಥಕವೇ?

ಉತ್ತರ 1: ಟರ್ಬೊ ಎಂಜಿನ್ನಿನಲ್ಲಿ ಬೂಸ್ಟ್ ಒತ್ತಡವನ್ನೂ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಇಂಧನದ ಪ್ರಮಾಣವನ್ನೂ ಹೆಚ್ಚಿಸಲು ಅವಕಾಶವಿರುವುದರಿಂದ ವ್ಯತ್ಯಾಸ ಕೂಡಲೇ ಅನುಭವಕ್ಕೆ ಬರುತ್ತದೆ, ಆದರೆ ಹೆಚ್ಚಿದ ಟಾರ್ಕನ್ನು (ಎಂಜಿನ್ನಿನ ತಿರುಗಿಸುವ ಬಲ) ಕ್ಲಚ್ಚೂ ಗೇರ್‌ಬಾಕ್ಸೂ ತಾಳಿಕೊಳ್ಳಬೇಕು, ವಾರಂಟಿಯ ಆಸೆಯನ್ನೂ ಬಿಡಬೇಕಾದೀತು. ನನ್ನನ್ನು ಕೇಳಿದರೆ, ಮೊದಲು ಒಳ್ಳೆಯ ಟೈರು ಹಾಕಿಸಿ.

ಉತ್ತರ 2: ಕಾನೂನನ್ನೂ ಗಮನಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ವಿಮಾ ಕಂಪನಿಗೆ ತಿಳಿಸದಿದ್ದರೆ ಕ್ಲೇಮು ತಿರಸ್ಕೃತವಾಗಬಹುದು.

ಉತ್ತರ 3: ಕಾರು ಮಾರುವಾಗ ಈ ಹಣ ಸಾಮಾನ್ಯವಾಗಿ ಮರಳುವುದಿಲ್ಲ. ಆದರೂ ಒಂದೇ ಬಗೆಯ ಸಾವಿರಾರು ಕಾರುಗಳ ನಡುವೆ ತನ್ನ ಅಭಿರುಚಿಗೆ ತಕ್ಕಂತೆ ಹೊಂದಿಸಿಕೊಂಡ ಕಾರನ್ನು ಓಡಿಸುವ ಸುಖವೇ ಹವ್ಯಾಸಿಯ ಲಾಭ. ಸಸ್ಪೆನ್ಷನ್ ಮಾತ್ರ ತಗ್ಗಿಸಬೇಡಿ. ನಮ್ಮ ರಸ್ತೆಯುಬ್ಬುಗಳು ಅದಕ್ಕೆ ಒಪ್ಪುವುದಿಲ್ಲ.